ಹಾಸಿಗೆ ಇರುವಷ್ಟು ದೂರ ಪೆಡಲ್

ಬೆಟ್ಟದ ಸೈಕಲ್ ಪ್ರವಾಸಕ್ಕೆ ಹೊರಡುವವರ ತಯಾರಿ ಸಾಮಾನ್ಯವಾಗಿ ಒಂದೇ ಕ್ರಮದಲ್ಲಿ ಸಾಗುತ್ತದೆ. ಮೊದಲು ಸೈಕಲ್ಲು, ಆಮೇಲೆ ದಾರಿ, ಆಮೇಲೆ ದಿನಕ್ಕೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕ. ಎಲ್ಲ ಮುಗಿದ ಮೇಲೆ, ರಾತ್ರಿ ಕಡಿಮೆ ಖರ್ಚಿನಲ್ಲಿ ಎಲ್ಲಿ ಮಲಗುವುದು ಎಂಬ ಪ್ರಶ್ನೆ ಬರುತ್ತದೆ. ಈ ಕ್ರಮವನ್ನು ತಿರುವಿಹಾಕಬೇಕು ಎಂಬುದು ನನ್ನ ವಾದ. ಕಾರಿನಲ್ಲಿ ಹೋಗುವವರಿಗೆ ಒಂದೂರಿನ ಕೋಣೆ ದುಬಾರಿ ಎನಿಸಿದರೆ ಇನ್ನೂ 30 ಕಿ.ಮೀ. ಮುಂದೆ ಹೋಗಿ ವಿಚಾರಿಸಬಹುದು. ಇಡೀ ದಿನ ಏರು ತುಳಿದವರಿಗೆ ಸಂಜೆ ಐದು ಗಂಟೆಗೆ ಆ 30 ಕಿ.ಮೀ. ನಾಳೆಯ ಕೆಲಸ. ಆದ್ದರಿಂದ ಅವರು ತಲುಪಿದ ಊರಿನಲ್ಲಿ ಸಿಕ್ಕ ದರಕ್ಕೆ ಒಪ್ಪಲೇಬೇಕಾಗುತ್ತದೆ. ಅಗ್ಗದ ಹಾಸಿಗೆಗಳು ಎಲ್ಲೆಲ್ಲಿವೆ ಎಂದು ಮೊದಲು ಗುರುತು ಹಾಕಿಕೊಂಡು, ಅವುಗಳನ್ನು ಪೋಣಿಸುವ ದಾರಿಯನ್ನು ಆಮೇಲೆ ಆರಿಸಿಕೊಂಡರೆ ಜೇಬೂ ಉಳಿಯುತ್ತದೆ, ದೇಹವೂ ಉಳಿಯುತ್ತದೆ. ನಮ್ಮ ಸೈಕಲ್ ಬಳಗಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಎರಡು ಹಿಮಾಲಯದ ದಾರಿಗಳನ್ನು, ಅಂದರೆ ಮನಾಲಿಯಿಂದ ಲೇಹ್‌ಗೆ ಹೋಗುವುದನ್ನು ಮತ್ತು ಶಿಮ್ಲಾದಿಂದ ಸ್ಪಿತಿ ಕಣಿವೆಗೆ ಹೋಗುವುದನ್ನು, ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಮಾತು ಎಷ್ಟು ನಿಜ ಎಂದು ತಿಳಿಯುತ್ತದೆ.

ಮನಾಲಿ–ಲೇಹ್ ಹೆದ್ದಾರಿಯ ಹಳೆಯ ಉದ್ದ ಸುಮಾರು 475 ಕಿ.ಮೀ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ರೋಹ್ತಂಗ್ ಪಾಸು ಹತ್ತದೆ ಹೋಗುವ ವಾಹನಗಳಿಗೆ ಇದರಲ್ಲಿ 46 ಕಿ.ಮೀ. ಉಳಿಯುತ್ತದೆ. ಈ ದಾರಿಯಲ್ಲಿ ಸಿಸ್ಸು, ಕೇಲಾಂಗ್, ಜಿಸ್ಪಾ, ದಾರ್ಚಾವರೆಗೆ ಊರುಗಳಿವೆ. ಗೆಸ್ಟ್‌ಹೌಸ್, ಹೋಂಸ್ಟೇ, ಸಣ್ಣ ಹೋಟೆಲು ಎಲ್ಲವೂ ಸಿಗುತ್ತವೆ. ದಾರ್ಚಾ ದಾಟಿದರೆ ಲಡಾಖಿನ ರುಮ್ತ್ಸೆ ಎಂಬ ಹಳ್ಳಿಯವರೆಗೆ, ಅಂದರೆ ಸುಮಾರು 250 ಕಿ.ಮೀ. ದೂರ, ವರ್ಷವಿಡೀ ಜನ ವಾಸಿಸುವ ಒಂದೂರೂ ರಸ್ತೆಯ ಮೇಲಿಲ್ಲ. ಕೇಲಾಂಗ್‌ಗೆ ಮುಂಚೆ ಸಿಗುವ ತಾಂಡಿಯ ಪೆಟ್ರೋಲ್ ಬಂಕಿನಲ್ಲಿ ಮುಂದಿನ ಬಂಕು 365 ಕಿ.ಮೀ. ಆಚೆ ಎಂದು ಬರೆದಿದ್ದ ಫಲಕ ಪ್ರವಾಸಿಗರ ಫೋಟೊಗಳಿಂದಲೇ ಹೆಸರಾಯಿತು. ವಾಹನದವರಿಗೆ ಅದು ಪೆಟ್ರೋಲಿನ ಎಚ್ಚರಿಕೆ. ಸೈಕಲ್ಲಿನವರು ಅದನ್ನು ಹಾಸಿಗೆಯ ಎಚ್ಚರಿಕೆ ಎಂದೂ ಓದಿಕೊಳ್ಳಬೇಕು. ದಾರ್ಚಾ–ರುಮ್ತ್ಸೆ ನಡುವಿನ ಭಾಗದಲ್ಲಿ ಜಿಂಗ್‌ಜಿಂಗ್‌ಬಾರ್, ಭರತ್‌ಪುರ್, ಸರ್ಚು, ಪಾಂಗ್ ಎಂದು ನಕ್ಷೆಯಲ್ಲಿ ಕಾಣುವ ಹೆಸರುಗಳು ಬೇಸಿಗೆಯ ನಾಲ್ಕು ತಿಂಗಳು ಮಾತ್ರ ಜೀವ ತಳೆಯುವ ಬಿಡಾರಗಳು. ಹಳೆಯ ಪ್ಯಾರಾಶೂಟ್ ಬಟ್ಟೆ ಅಥವಾ ಟಾರ್ಪಾಲು ಹೊದಿಸಿದ ಢಾಬಾ ಟೆಂಟುಗಳಲ್ಲಿ ಅಂಚಿನ ಉದ್ದಕ್ಕೂ ಜಗಲಿಯಂಥ ಹಾಸು. ಅದರ ಮೇಲೆ ಗಾದಿ, ದಪ್ಪ ರಜಾಯಿ. ಹಗಲು ಅಲ್ಲೇ ಕೂತು ಮ್ಯಾಗಿ, ರಾಜ್ಮಾ–ಅನ್ನ ತಿನ್ನುತ್ತಾರೆ, ರಾತ್ರಿ ಅಲ್ಲೇ ಮಲಗುತ್ತಾರೆ. ಒಬ್ಬರಿಗೆ ಕೆಲವು ನೂರು ರೂಪಾಯಿ. ಊಟ ಅಲ್ಲೇ ಮಾಡಿದರೆ ಹಾಸಿಗೆಯ ದರ ಇನ್ನೂ ಇಳಿಯುವುದುಂಟು. ಅದೇ ಸರ್ಚುವಿನ ಬಯಲಿನಲ್ಲಿ ಮಂಚ, ಸ್ನಾನಗೃಹ ಇರುವ ‘ಸ್ವಿಸ್ ಟೆಂಟ್’ ಕ್ಯಾಂಪುಗಳೂ ಇವೆ. ಅಲ್ಲಿನ ಲೆಕ್ಕ ಸಾವಿರಗಳಲ್ಲಿ. ಇವೆರಡರ ನಡುವೆ ಮೂರನೆಯ ಆಯ್ಕೆ ಹೆಚ್ಚುಕಡಿಮೆ ಇಲ್ಲ.

ದರವನ್ನಷ್ಟೇ ನೋಡಿದರೆ ಢಾಬಾ ಟೆಂಟಿಗಿಂತ ಅಗ್ಗವಾದದ್ದು ಸಿಗುವುದು ಕಷ್ಟ. ಆದರೆ ಬೆಟ್ಟದಲ್ಲಿ ಹಾಸಿಗೆಗೆ ದರದ ಜೊತೆಗೆ ಎತ್ತರವೂ ಇದೆ. ಪಾಂಗ್ ಸಮುದ್ರಮಟ್ಟದಿಂದ ಸುಮಾರು 4,600 ಮೀಟರ್ ಮೇಲಿದೆ, ಸರ್ಚು ಸುಮಾರು 4,300, ಜಿಂಗ್‌ಜಿಂಗ್‌ಬಾರ್ ಸುಮಾರು 4,270. ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಎತ್ತರದ ಕಾಯಿಲೆ ಸಾಮಾನ್ಯವಾಗಿ ತಲೆಹಾಕುವುದು 2,500 ಮೀಟರ್ ದಾಟಿದ ಮೇಲೆ. ಅಂದರೆ ಚಿಕ್ಕಮಗಳೂರಿನ ಏರುಗಳಲ್ಲಿ ಎಷ್ಟೇ ಬೆವರು ಹರಿಸಿದರೂ ಕಾಲಿಗೆ ಬಲ ಬರುತ್ತದೆಯೇ ಹೊರತು ತೆಳು ಗಾಳಿಗೆ ದೇಹ ಒಗ್ಗುವುದಿಲ್ಲ. ಪರ್ವತ ವೈದ್ಯಕೀಯದ ಪ್ರಚಲಿತ ಸಲಹೆ ಸರಳ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ದಿನ ತಂಗಬೇಕು. ಹಗಲು ಎಷ್ಟು ಎತ್ತರ ಮುಟ್ಟಿ ಬಂದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದೇ ಮುಖ್ಯವಾಗಲು ಕಾರಣವಿದೆ. ನಿದ್ದೆಯಲ್ಲಿ ಉಸಿರಾಟ ನಿಧಾನವಾಗುತ್ತದೆ, ಲಯ ತಪ್ಪುತ್ತದೆ, ರಕ್ತದ ಆಮ್ಲಜನಕ ಹಗಲಿಗಿಂತ ಕೆಳಗಿಳಿಯುತ್ತದೆ. ಆ ಹೊತ್ತಿನಲ್ಲಿ ಸುತ್ತಲಿನ ಗಾಳಿಯೂ ತೆಳುವಾಗಿದ್ದರೆ ಬೆಳಗ್ಗೆ ತಲೆನೋವು, ವಾಕರಿಕೆ ಬರುವ ಸಾಧ್ಯತೆ ಹೆಚ್ಚು.

ಈ ನಿಯಮವನ್ನು ಮನಾಲಿ–ಲೇಹ್ ದಾರಿಯ ಹಾಸಿಗೆಗಳ ಮೇಲೆ ಇಟ್ಟು ನೋಡಿ. ಜಿಸ್ಪಾ ಸುಮಾರು 3,200 ಮೀಟರ್. ಅಲ್ಲಿಂದ ಮುಂದಿನ ದೊಡ್ಡ ಟೆಂಟು ಬಿಡಾರವಾದ ಜಿಂಗ್‌ಜಿಂಗ್‌ಬಾರ್‌ಗೆ ಒಂದೇ ದಿನದಲ್ಲಿ ತುಳಿಯಬಹುದಾದಷ್ಟೇ ದೂರ, ಆದರೆ ಮಲಗುವ ಎತ್ತರದಲ್ಲಿ ಸಾವಿರ ಮೀಟರಿಗೂ ಹೆಚ್ಚಿನ ಜಿಗಿತ. ಅದಾದ ಮೇಲೆ ಬಾರಾಲಾಚಾ ಲಾ, ನಕೀ ಲಾ, ಲಾಚುಂಗ್ ಲಾ, ತಂಗ್‌ಲಂಗ್ ಲಾ ಎಂಬ ನಾಲ್ಕು ಎತ್ತರದ ಪಾಸುಗಳು. ಕೊನೆಯದು 5,300 ಮೀಟರ್ ದಾಟುತ್ತದೆ, ಅಲ್ಲಿ ಗಾಳಿಯ ಒತ್ತಡ ಸಮುದ್ರತೀರದ ಒತ್ತಡದ ಹೆಚ್ಚುಕಡಿಮೆ ಅರ್ಧ. ಜಿಂಗ್‌ಜಿಂಗ್‌ಬಾರ್‌ನಿಂದ ತಂಗ್‌ಲಂಗ್ ಲಾ ಇಳಿಯುವವರೆಗೆ ಸೈಕಲ್ ಸವಾರರು ಮೂರು ನಾಲ್ಕು ರಾತ್ರಿ 4,000 ಮೀಟರಿಗಿಂತ ಮೇಲೆಯೇ ಮಲಗಬೇಕು. ಮೈ ಸರಿಯಿಲ್ಲದಿದ್ದರೆ ಇಳಿದು ಹೋಗಲು ಹತ್ತಿರದಲ್ಲಿ ತಗ್ಗಿನ ಊರಿಲ್ಲ. ಅಲ್ಲಿಂದ ಟ್ಯಾಕ್ಸಿ ಹಿಡಿದು ಕೇಲಾಂಗ್‌ಗೋ ಲೇಹ್‌ಗೋ ಓಡುವ ಒಂದು ಪ್ರಯಾಣದಲ್ಲಿ ಇಡೀ ಪ್ರವಾಸದ ಉಳಿತಾಯ ಕರಗಿಹೋಗುತ್ತದೆ. ಜಿಸ್ಪಾದಲ್ಲೋ ಕೇಲಾಂಗ್‌ನಲ್ಲೋ ಒಂದು ರಾತ್ರಿ ಹೆಚ್ಚಿಗೆ ತಂಗಿ, ದಾರ್ಚಾ ಆಚೆ ಸುಮಾರು 3,800 ಮೀಟರಿನಲ್ಲಿರುವ ಪತ್ಸೇವು ಬಳಿ ಮಲಗಲು ಜಾಗ ಸಿಕ್ಕರೆ ಅಲ್ಲಿ ಇನ್ನೊಂದು ರಾತ್ರಿ ಕಳೆದು ಮೇಲಕ್ಕೆ ಹೋಗುವುದೇ ಸರಿಯಾದ ಮಿತವ್ಯಯ. ಹೀಗೆ ಕೊಟ್ಟ ಎರಡು ರಾತ್ರಿಯ ಬಾಡಿಗೆಯನ್ನು ದಂಡ ಎಂದುಕೊಳ್ಳುವವರು ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ.

ಈಗ ಸ್ಪಿತಿಯ ದಾರಿ ನೋಡೋಣ. ಶಿಮ್ಲಾದಿಂದ ನಾರ್ಕಂಡಾ, ರಾಮ್‌ಪುರ್, ಕಿನ್ನೌರ್ ಜಿಲ್ಲೆಯ ರೆಕಾಂಗ್ ಪಿಯೊ, ಕಲ್ಪಾ, ನಾಕೋ, ಅಲ್ಲಿಂದ ಸ್ಪಿತಿಯ ತಾಬೋ, ಕಾಜಾ. ಸುಮಾರು 400 ಕಿ.ಮೀ.ಗೂ ಮೇಲ್ಪಟ್ಟ ಈ ದಾರಿಯ ಗುಣವೆಂದರೆ ಉದ್ದಕ್ಕೂ ಊರುಗಳಿವೆ, ಆ ಊರುಗಳಲ್ಲಿ ಚಳಿಗಾಲದಲ್ಲೂ ಒಲೆ ಉರಿಯುತ್ತದೆ. ಸೇಬಿನ ತೋಟದ ಮನೆ, ಬಸ್ ನಿಲ್ದಾಣದ ಪಕ್ಕದ ಲಾಡ್ಜು, ಲೋಕೋಪಯೋಗಿ ಇಲಾಖೆಯ ವಿಶ್ರಾಂತಿಗೃಹ, ಗೊಂಪಾದ (ಬೌದ್ಧ ಮಠದ) ಅತಿಥಿಗೃಹ, ಹೀಗೆ ಆಯ್ಕೆಗಳು ಒಂದರ ಹಿಂದೊಂದು ಬರುತ್ತವೆ. ಎತ್ತರವೂ ಬಹುಮಟ್ಟಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕಲ್ಪಾ 3,000 ಮೀಟರಿನ ಆಸುಪಾಸು, ನಾಕೋ ಸುಮಾರು 3,660, ಮರುದಿನದ ತಾಬೋ 3,280ಕ್ಕೆ ಇಳಿಯುತ್ತದೆ, ಕಾಜಾ 3,650. ನಾಕೋ ಒಂದೇ ತುಸು ದೊಡ್ಡ ಹೆಜ್ಜೆ. ಅದಕ್ಕೆ ಮುಂಚೆ ಕಲ್ಪಾದಲ್ಲಿ ಎರಡು ರಾತ್ರಿ ಉಳಿದರೆ ಸಾಕು. ಕಾಜಾದಲ್ಲಿ ಒಂದು ದಿನ ವಿರಮಿಸಿದ ಮೇಲೆ ಕಿಬ್ಬರ್, ಲಾಂಗ್ಜಾ, ಹಿಕ್ಕಿಮ್, ಕೋಮಿಕ್‌ನಂಥ 4,200 ಮೀಟರಿಗೂ ಮೇಲಿನ ಹಳ್ಳಿಗಳಿಗೆ ಹಗಲು ತುಳಿದು ಹೋಗಿ ರಾತ್ರಿ ಮತ್ತೆ ಕೆಳಕ್ಕೆ ಬಂದು ಮಲಗಬಹುದು. ಒಗ್ಗಿದ ಮೇಲೆ ಅಲ್ಲೇ ತಂಗಬಹುದು. ಮೌಂಟನ್ ಬೈಕಿನ ನಿಜವಾದ ಸುಖ ಸಿಗುವುದೂ ಈ ಮೇಲಿನ ಹಳ್ಳಿಗಳನ್ನು ಜೋಡಿಸುವ ಕಚ್ಚಾ ದಾರಿಗಳಲ್ಲೇ ಎಂದು ನನ್ನ ಭಾವನೆ. ಕಾಜಾದಲ್ಲಿ ಒಂದು ಅಗ್ಗದ ಕೋಣೆ ಹಿಡಿದು, ಭಾರದ ಚೀಲಗಳನ್ನು ಅಲ್ಲೇ ಬಿಟ್ಟು, ದಿನಕ್ಕೊಂದು ದಿಕ್ಕಿಗೆ ಹಗುರಾಗಿ ಹೋಗಿಬರುವುದು ಸಾಧ್ಯ. ಮನಾಲಿ–ಲೇಹ್ ದಾರಿಯ ಮಧ್ಯಭಾಗದಲ್ಲಿ ಇಂಥ ನೆಲೆ ಎಲ್ಲೂ ಇಲ್ಲ.

ಇದೇ ಕಣಿವೆಗೆ ಮನಾಲಿ ಕಡೆಯಿಂದ ಬಂದರೆ ಚಿತ್ರ ಬೇರೆಯಾಗುತ್ತದೆ. ಗ್ರಾಂಫು ತಿರುವಿನಿಂದ ಛತ್ರು, ಬಾತಲ್ ದಾಟಿ 4,550 ಮೀಟರಿನ ಕುಂಜುಮ್ ಲಾ ಹತ್ತಿ ಲೋಸರ್ ಹಳ್ಳಿ ಸೇರುವವರೆಗೆ ಸುಮಾರು 80 ಕಿ.ಮೀ. ಊರಿಲ್ಲ, ಕಲ್ಲು, ಝರಿ, ಮರಳಿನ ರಸ್ತೆ, ನಡುವೆ ಬೆರಳೆಣಿಕೆಯ ಢಾಬಾಗಳು. ಎರಡನೆಯ ಮೂರನೆಯ ರಾತ್ರಿಗೇ 4,000 ಮೀಟರಿನ ಹತ್ತಿರ ಮಲಗಬೇಕಾಗುತ್ತದೆ. ಶಿಮ್ಲಾ ಕಡೆಯಿಂದ ಏರಿ ಮನಾಲಿ ಕಡೆಗೆ ಇಳಿದರೆ, ದೇಹ ಒಗ್ಗಿದ ಮೇಲೆ ಇದೇ ಭಾಗ ಬರುತ್ತದೆ. ಅದೇ ಢಾಬಾ, ಅದೇ ರಜಾಯಿ, ಆದರೆ ನಿದ್ದೆ ಬರುತ್ತದೆ. ಒಂದು ಮಾತು ಇಲ್ಲೇ ಹೇಳಿಬಿಡಬೇಕು. ರೆಕಾಂಗ್ ಪಿಯೊದಿಂದ ಕಾಜಾ ಕಡೆಗಿನ ಗಡಿಯಂಚಿನ ಭಾಗಕ್ಕೆ ಭಾರತೀಯರಿಗೆ ಪರವಾನಗಿ ಬೇಡ. ವಿದೇಶಿ ಪಾಸ್‌ಪೋರ್ಟ್ ಇರುವವರಿಗೆ ಬೇಕು. ಅಮೆರಿಕದಿಂದಲೋ ಬ್ರಿಟನ್ನಿನಿಂದಲೋ ಊರಿಗೆ ಬಂದು ಗೆಳೆಯರ ಜೊತೆ ಹೊರಡುವ ಕನ್ನಡಿಗರು, ಒಸಿಐ ಕಾರ್ಡ್ ಇದ್ದರೂ, ಈ ಕಾಗದಕ್ಕಾಗಿ ಒಂದು ದಿನ ತೆಗೆದಿಡಬೇಕು.

ಹೋಂಸ್ಟೇ ಎಂದ ಕೂಡಲೇ ನಮಗೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಬಂಗಲೆ, ರಾತ್ರಿಯ ಕ್ಯಾಂಪ್‌ಫೈರು, ವಾರಾಂತ್ಯಕ್ಕೆ ಏರುವ ತಲೆಲೆಕ್ಕದ ದರ ನೆನಪಾಗುತ್ತವೆ. ಸ್ಪಿತಿ, ಲಡಾಖಿನ ಹೋಂಸ್ಟೇ ಬಹುಪಾಲು ಒಂದು ಸಂಸಾರ ಬಾಳುತ್ತಿರುವ ಮನೆ. ನೆಲದ ಮೇಲೆ ಗಾದಿ, ನಡುಮನೆಯಲ್ಲಿ ಸಗಣಿ ಬೆರಣಿಯ ಇಲ್ಲವೇ ಸೌದೆಯ ಒಲೆ, ಮನೆಯವರು ಉಣ್ಣುವ ಅನ್ನ–ದಾಲ್, ರೊಟ್ಟಿ, ತುಕ್ಪಾ, ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ. ಅನೇಕ ಕಡೆ ನೀರು ಬಳಸದ ಒಣ ಶೌಚಾಲಯ. ಮಣ್ಣು ಎಳೆದು ಮುಚ್ಚಬೇಕು, ಆ ಗೊಬ್ಬರ ಹೊಲಕ್ಕೆ ಹೋಗುತ್ತದೆ. ಲಡಾಖಿನ ಹೆಮಿಸ್ ರಾಷ್ಟ್ರೀಯ ಉದ್ಯಾನದ ರುಂಬಕ್ ಹಳ್ಳಿಯಲ್ಲಿ 2000ದ ದಶಕದ ಆರಂಭದಲ್ಲಿ ಸ್ನೋ ಲೆಪರ್ಡ್ ಕನ್ಸರ್ವೆನ್ಸಿ ಸಂಸ್ಥೆ ಇಂಥ ಮನೆಗಳ ಏರ್ಪಾಟನ್ನು ಬೆಳೆಸಿತು. ಹಿಮಚಿರತೆ ಕುರಿ–ಮೇಕೆ ಹಿಡಿದು ನಷ್ಟ ಮಾಡುವ ಊರಿನಲ್ಲಿ, ಅದೇ ಚಿರತೆಯ ನಾಡನ್ನು ನೋಡಲು ಬರುವವರಿಂದ ಮನೆಗಳಿಗೆ ಆದಾಯ ಬರಲಿ ಎಂಬುದು ಉದ್ದೇಶ. ದರ ಎಲ್ಲ ಮನೆಗೂ ಒಂದೇ, ಅತಿಥಿಗಳು ಸರದಿಯ ಮೇಲೆ ಹಂಚಿಕೆ, ರಾತ್ರಿ ಊಟ, ಬೆಳಗಿನ ತಿಂಡಿ, ಮಧ್ಯಾಹ್ನದ ಬುತ್ತಿ ಅದರಲ್ಲೇ ಸೇರಿರುತ್ತದೆ. ಹಿಮಾಚಲ ಸರ್ಕಾರವೂ 2008ರಲ್ಲಿ ಹೋಂಸ್ಟೇ ಯೋಜನೆ ತಂದು ಕೆಲವೇ ಕೋಣೆಗಳ ಮನೆಗಳನ್ನು ನೋಂದಾಯಿಸತೊಡಗಿತು. ಸೈಕಲ್ ಸವಾರರಿಗೆ ಹೋಂಸ್ಟೇಯವರು ಕಟ್ಟಿಕೊಡುವ ಮಧ್ಯಾಹ್ನದ ಬುತ್ತಿಯ ಬೆಲೆ ದೊಡ್ಡದು. ಏರಿನಲ್ಲಿ ಮಧ್ಯಾಹ್ನ ಹೋಟೆಲು ಸಿಗದ ದಿನಗಳೇ ಹೆಚ್ಚು. ಬರೀ ಕೋಣೆಯ ದರಕ್ಕೆ ಮೂರು ಹೊತ್ತಿನ ಊಟದ ಖರ್ಚು ಕೂಡಿ ಹೋಲಿಸಿದರೆ, ದುಬಾರಿ ಎಂದು ಕಂಡ ಹೋಂಸ್ಟೇ ಎಷ್ಟೋ ಸಲ ಲಾಡ್ಜಿಗಿಂತ ಅಗ್ಗವಾಗಿರುತ್ತದೆ.

ಇಂಥ ಮನೆಗಳಲ್ಲಿ ಚೌಕಾಸಿ ಮಾಡಬೇಕೇ? ಬೇಡ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಬಜೆಟ್ ಪ್ರವಾಸವೆಂದರೆ ಪ್ರತಿ ರಾತ್ರಿ ನೂರು ರೂಪಾಯಿ ಇಳಿಸುವ ಸಾಹಸ ಎಂದು ತಿಳಿದವರಿದ್ದಾರೆ. ಆದರೆ ಸ್ಪಿತಿಯಲ್ಲಿ ಬೇಸಾಯಕ್ಕೆ ಸಿಗುವುದು ವರ್ಷಕ್ಕೊಂದೇ ಬೆಳೆ. ಗ್ಯಾಸ್ ಸಿಲಿಂಡರು, ಅಕ್ಕಿ, ತರಕಾರಿ ಲಾರಿಯಲ್ಲಿ ನೂರಾರು ಕಿಲೋಮೀಟರ್ ಏರಿ ಬರುತ್ತವೆ. ಎಲ್ಲ ಮನೆಗೂ ಒಂದೇ ದರ ಇಟ್ಟುಕೊಂಡ ಊರಿನಲ್ಲಿ ಒಬ್ಬರನ್ನು ಒತ್ತಾಯಿಸಿ ಇಳಿಸಿದರೆ ಸರದಿಯ ವ್ಯವಸ್ಥೆಯೇ ಕೆಡುತ್ತದೆ. ಹಣ ಉಳಿಸುವ ಜಾಗ ಬೇರೆ ಇದೆ: ಕೋಣೆ ಹಂಚಿಕೊಳ್ಳಿ, ಬಿಸಿನೀರಿನ ಸ್ನಾನವನ್ನು ಮೂರು ದಿನಕ್ಕೊಮ್ಮೆ ಇಟ್ಟುಕೊಳ್ಳಿ, ನೀರಿನ ಬಾಟಲಿ ಕೊಳ್ಳುವ ಬದಲು ಕುದಿಸಿದ ನೀರು ತುಂಬಿಸಿಕೊಳ್ಳಿ.

ಮೊದಲೇ ಕಾಯ್ದಿರಿಸದಿದ್ದರೆ ಹಾಸಿಗೆ ಸಿಗುವುದೇ ಎಂಬ ಆತಂಕ ಸಹಜ. ಅದಕ್ಕೆ ಉತ್ತರ ಬೆಟ್ಟದ ಸ್ವಭಾವದಲ್ಲೇ ಇದೆ. ಜುಲೈ–ಆಗಸ್ಟ್‌ನಲ್ಲಿ ಕಿನ್ನೌರ್ ಮತ್ತು ಮನಾಲಿ ಕಡೆ ಮಳೆ ಹಿಡಿದರೆ ಭೂಕುಸಿತವಾಗಿ ರಸ್ತೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಮುಚ್ಚುತ್ತದೆ. ನಾಕೋ ಬಳಿಯ ಮಾಲಿಂಗ್ ನಾಲಾ ಇದಕ್ಕೆ ಕುಖ್ಯಾತ. ಎದುರುಗಾಳಿ ಬೀಸಿದರೆ 60 ಕಿ.ಮೀ. ಎಂದುಕೊಂಡಿದ್ದು 35ಕ್ಕೆ ನಿಲ್ಲುತ್ತದೆ. ಹತ್ತು ರಾತ್ರಿಯ ಕೋಣೆಗಳನ್ನು ಸರಪಳಿಯಾಗಿ ಕಾಯ್ದಿರಿಸಿದವರಿಗೆ ಒಂದು ದಿನ ತಪ್ಪಿದರೆ ಮುಂದಿನವೆಲ್ಲ ತಪ್ಪುತ್ತವೆ. ಅದಕ್ಕಿಂತ ಅಪಾಯಕರವೆಂದರೆ, ಕಟ್ಟಿದ ಮುಂಗಡ ಹೋಗಬಾರದೆಂದು ತಲೆನೋವಿದ್ದರೂ ಮೇಲೆ ತುಳಿಯುವ ಒತ್ತಡ. ಹೊರಡುವ ಊರಿನ ಮೊದಲ ರಾತ್ರಿ, ಮುಗಿಸುವ ಊರಿನ ಕೊನೆಯ ರಾತ್ರಿ ಎರಡನ್ನು ಮಾತ್ರ ಕಾಯ್ದಿರಿಸಿ, ನಡುವಿನವನ್ನು ಹಿಂದಿನ ಊರಿನ ಮನೆಯವರಿಂದ ಫೋನು ಮಾಡಿಸಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಮುಂದಿನ ಹಳ್ಳಿಯಲ್ಲಿ ಅವರಿಗೆ ನಂಟರಿರುವುದೇ ಹೆಚ್ಚು. ಇದು ಒಬ್ಬಿಬ್ಬರಿಗೆ, ನಾಲ್ವರಿಗೆ ಹೊಂದುವ ಮಾತು. ಹತ್ತು ಜನರ ತಂಡಕ್ಕೆ ಈ ಸ್ವಾತಂತ್ರ್ಯವಿಲ್ಲ. ಮೂರು ಕೋಣೆಯ ಮನೆಯ ಮುಂದೆ ಸಂಜೆ ಹತ್ತು ಸೈಕಲ್ ಬಂದು ನಿಂತರೆ ಆ ಮನೆಯಾಕೆಗೆ ಆಗುವ ಕಷ್ಟವನ್ನೂ ಯೋಚಿಸಬೇಕು.

ಸ್ವಂತ ಟೆಂಟು ಹೊತ್ತೊಯ್ದರೆ ಬಾಡಿಗೆಯೇ ಇಲ್ಲವಲ್ಲ ಎಂಬುದು ಇನ್ನೂ ಬಲವಾದ ಆಕ್ಷೇಪ. ಪಳಗಿದವರಿಗೆ ಅದು ಸರಿಯಾದ ಆಯ್ಕೆಯೇ, 250 ಕಿ.ಮೀ. ಊರಿಲ್ಲದ ದಾರಿಯಲ್ಲಿ ಟೆಂಟು ಜೀವರಕ್ಷಕವೂ ಹೌದು. ಆದರೆ ಟೆಂಟು ಬಂದರೆ ಮ್ಯಾಟು, ಸ್ಟವ್ವು, ಇಂಧನ, ಪಾತ್ರೆ, ಎರಡು ದಿನದ ಆಹಾರ ಹಿಂದೆಯೇ ಬರುತ್ತವೆ. ಸುಲಭವಾಗಿ ಐದಾರು ಕಿಲೋ ಏರುವ ಈ ಹೊರೆಯನ್ನು ಅರ್ಧ ಆಮ್ಲಜನಕದ ಗಾಳಿಯಲ್ಲಿ ಪ್ರತಿ ಪಾಸಿನ ಮೇಲಕ್ಕೂ ಸಾಗಿಸಬೇಕು. ವೇಗ ಇಳಿಯುತ್ತದೆ, ದಿನಗಳು ಹೆಚ್ಚುತ್ತವೆ. ಸಾಮಾನು ಕೊಳ್ಳುವ ಖರ್ಚನ್ನು ಒಂದೇ ಪ್ರವಾಸದ ಮೇಲೆ ಹಾಕಿದರೆ ಢಾಬಾದ ಹಾಸಿಗೆಗಳಿಗೆ ಕೊಡುವುದಕ್ಕಿಂತ ಹೆಚ್ಚಾಗುತ್ತದೆ. ಒಳ್ಳೆಯ ಸ್ಲೀಪಿಂಗ್ ಬ್ಯಾಗು ಮಾತ್ರ ಒಯ್ಯಿರಿ ಎನ್ನುವುದು ನನ್ನ ಸಲಹೆ. ಢಾಬಾದ ರಜಾಯಿ ನೂರಾರು ಜನ ಹೊದ್ದದ್ದು. ಅದರ ಒಳಗೆ ನಿಮ್ಮದೇ ಬ್ಯಾಗು ಇದ್ದರೆ ಚಳಿಯೂ ಹೋಗುತ್ತದೆ, ಮುಜುಗರವೂ ಹೋಗುತ್ತದೆ.

ಇನ್ನು ವಾಹನ, ಅಡುಗೆಯವರು, ಮೆಕ್ಯಾನಿಕ್ ಎಲ್ಲ ಇರುವ ಪ್ಯಾಕೇಜುಗಳು. ಮೊದಲ ಸಲ ಹೋಗುವವರಿಗೆ ಅವು ಕೊಡುವ ಧೈರ್ಯ ನಿಜ, ದರವೂ ಅದಕ್ಕೆ ತಕ್ಕಂತೆ ಭಾರಿ. ನಡುವಿನ ದಾರಿಯೊಂದಿದೆ, ಯೂತ್ ಹಾಸ್ಟೆಲ್ ಚಳವಳಿಯದು. 1909ರಲ್ಲಿ ರಿಚರ್ಡ್ ಶಿರ್ಮನ್ ಎಂಬ ಜರ್ಮನ್ ಶಾಲಾಮೇಷ್ಟ್ರು ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಾಗ ಬಿರುಮಳೆ ಹಿಡಿದು ಹಳ್ಳಿಯ ಶಾಲೆಯೊಂದರಲ್ಲಿ ರಾತ್ರಿ ಕಳೆಯಬೇಕಾಯಿತು. ರಜೆಯಲ್ಲಿ ಖಾಲಿ ಬಿದ್ದ ಕಟ್ಟಡಗಳೆಲ್ಲ ಒಂದು ದಿನದ ನಡಿಗೆಯ ಅಂತರದಲ್ಲಿ ತಂಗುದಾಣಗಳಾದರೆ ಹೇಗೆ ಎಂದು ಅವರು ಯೋಚಿಸಿದರು. 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಯೂತ್ ಹಾಸ್ಟೆಲ್ ಆರಂಭವಾಯಿತು. ಹಾಸಿಗೆಗಳ ಅಂತರವೇ ಪ್ರಯಾಣವನ್ನು ರೂಪಿಸಬೇಕು ಎಂಬ ತತ್ವ ಆ ಚಳವಳಿಯ ಬೇರಿನಲ್ಲೇ ಇದೆ. ನಮ್ಮ ದೇಶದ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ದೆಹಲಿಯ ಚಾಣಕ್ಯಪುರಿಯಲ್ಲಿ ಹಾಸ್ಟೆಲ್ ನಡೆಸುತ್ತದೆ. ಹಿಮಾಚಲದ ಜಲೋರಿ ಪಾಸಿನ ಸುತ್ತ ಸದಸ್ಯರಿಗಾಗಿ ಕಡಿಮೆ ಶುಲ್ಕದ ಮೌಂಟನ್ ಬೈಕಿಂಗ್ ಶಿಬಿರಗಳನ್ನೂ ನಡೆಸಿದೆ. 3,100 ಮೀಟರಿನ ಆಸುಪಾಸಿನ ಆ ಪಾಸು ಹೊಸಬರಿಗೆ ಹೇಳಿಮಾಡಿಸಿದ್ದು.

ಒಬ್ಬಂಟಿಯಾಗಿ, ಅಥವಾ ಇಬ್ಬರೇ ಹೊರಡುವ ಹೆಣ್ಣುಮಕ್ಕಳಿಗೆ ಊರುಗಳಿರುವ ದಾರಿ ಇನ್ನೂ ಮುಖ್ಯ. ಢಾಬಾ ಟೆಂಟಿನಲ್ಲಿ ಲಾರಿ ಚಾಲಕರು, ಬೈಕಿನವರು, ಕುಟುಂಬಗಳು ಎಲ್ಲರೂ ಒಂದೇ ಹಾಸಿನ ಮೇಲೆ ಸಾಲಾಗಿ ಮಲಗುತ್ತಾರೆ. ಅನೇಕ ಢಾಬಾಗಳನ್ನು ಹೆಂಗಸರೇ ನಡೆಸುತ್ತಾರೆ, ಅಲ್ಲಿ ಅವರ ಪಕ್ಕದಲ್ಲೇ ಜಾಗ ಕೇಳಬಹುದು. ಆದರೂ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಕೊಡುವ ನಿರಾಳವನ್ನು ಟೆಂಟು ಕೊಡುವುದಿಲ್ಲ.

ಸೈಕಲ್ಲಿಗೂ ರಾತ್ರಿಗೆ ಜಾಗ ಬೇಕು. ಹಳ್ಳಿಯ ಮನೆಗಳಲ್ಲಿ ಕೆಳಗಿನ ಕೊಟ್ಟಿಗೆ ಅಥವಾ ಉಗ್ರಾಣದಲ್ಲಿ ಇಡಲು ಬಿಡುತ್ತಾರೆ. ಪೇಟೆಯ ಲಾಡ್ಜುಗಳಲ್ಲಿ ಕೋಣೆಯೊಳಗೆ ತರಬಹುದೇ ಎಂದು ಮುಂಗಡ ಕೊಡುವ ಮೊದಲೇ ಕೇಳಬೇಕು. ಚೈನಿನ ಎಣ್ಣೆ ಹಾಸು, ಗೋಡೆಗೆ ತಾಗದಂತೆ ಹಳೆಯ ಬಟ್ಟೆಯೊಂದನ್ನು ಜೊತೆಗಿಟ್ಟುಕೊಂಡರೆ ಮುಂದೆ ಬರುವ ಸವಾರರಿಗೂ ಆ ಬಾಗಿಲು ತೆರೆದಿರುತ್ತದೆ. ವಿಮಾನದಲ್ಲಿ ಸೈಕಲ್ ತಂದವರಿಗೆ ರಟ್ಟಿನ ಪೆಟ್ಟಿಗೆಯದೇ ದೊಡ್ಡ ಚಿಂತೆ. ಶಿಮ್ಲಾದಿಂದ ಹೊರಟು ಶಿಮ್ಲಾಕ್ಕೇ ಮರಳುವುದಾದರೆ ಮೊದಲ ರಾತ್ರಿ ತಂಗಿದ ಲಾಡ್ಜಿನಲ್ಲೇ ಅದನ್ನು ಬಿಟ್ಟುಹೋಗಬಹುದು. ಮನಾಲಿಯಿಂದ ಲೇಹ್‌ಗೆ ಹೋಗುವವರು ಪೆಟ್ಟಿಗೆಯನ್ನು ವಾಹನದಲ್ಲಿ ಮುಂದಕ್ಕೆ ಕಳಿಸಬೇಕು, ಇಲ್ಲವೇ ಲೇಹ್‌ನಲ್ಲಿ ಹೊಸದನ್ನು ಹುಡುಕಬೇಕು. ಬೆಂಗಳೂರಿನಿಂದ ರೈಲಿನಲ್ಲಿ ದೆಹಲಿಗೆ ಪಾರ್ಸೆಲ್ ಮಾಡಿದರೆ ಈ ತಲೆನೋವು ಅರ್ಧ ಕಡಿಮೆ.

ಕೊನೆಗೆ ತಿಂಗಳಿನ ಮಾತು. ಜೂನ್ ಕೊನೆ, ಜುಲೈಯಲ್ಲಿ ಎಲ್ಲ ಹಾಸಿಗೆಗಳೂ ತೆರೆದಿರುತ್ತವೆ, ದರವೂ ಏರಿರುತ್ತದೆ. ಸೆಪ್ಟೆಂಬರ್ ಮೊದಲರ್ಧ ಆಕಾಶಕ್ಕೂ ಜೇಬಿಗೂ ಹಿತ. ಆ ತಿಂಗಳ ಕೊನೆಗೆ ಸರ್ಚು, ಪಾಂಗ್‌ನ ಟೆಂಟುಗಳು ಒಂದೊಂದಾಗಿ ಕಳಚತೊಡಗುತ್ತವೆ. ದಸರೆಯ ರಜೆಯಲ್ಲಷ್ಟೇ ಬಿಡುವು ಸಿಗುವ ಮೇಷ್ಟ್ರು, ನೌಕರರು, ಹಬ್ಬ ಅಕ್ಟೋಬರಿನಲ್ಲಿ ಬಿದ್ದ ವರ್ಷ ಮನಾಲಿ–ಲೇಹ್ ದಾರಿಯನ್ನು ಯೋಚಿಸದಿರುವುದೇ ಲೇಸು. ರಸ್ತೆ ತೆರೆದಿದ್ದರೂ ಮಲಗಲು ಜಾಗವಿರುವುದಿಲ್ಲ. ಅದೇ ಹೊತ್ತಿನಲ್ಲಿ ಕಿನ್ನೌರಿನಲ್ಲಿ ಸೇಬು ಕೊಯ್ಲು ನಡೆದಿರುತ್ತದೆ, ಕಾಜಾದವರೆಗಿನ ಮನೆಗಳಲ್ಲಿ ಜನರಿರುತ್ತಾರೆ, ಪ್ರವಾಸಿಗರು ತೆಳುವಾಗಿ ಕೋಣೆಗಳು ಅಗ್ಗವಾಗಿರುತ್ತವೆ. ಕುಂಜುಮ್ ಮೇಲೆ ಹಿಮ ಬಿದ್ದ ಸುದ್ದಿ ಕಾಜಾದಲ್ಲಿ ಸಿಕ್ಕರೆ, ಬಂದ ದಾರಿಯಲ್ಲೇ ತಿರುಗಿ ತಾಬೋ, ನಾಕೋ, ಕಲ್ಪಾ ಎಂದು ಪರಿಚಯವಾದ ಮನೆಗಳಲ್ಲೇ ತಂಗುತ್ತಾ ಶಿಮ್ಲಾಕ್ಕೆ ಇಳಿದರಾಯಿತು.